ಒಣ ಬಾಯಿ, ಅಗಸೆ ಎಣ್ಣೆ ಮತ್ತು ಅಕ್ಕನ ಜೊತೆ ಒಂದು ಚರ್ಚೆ

ಅಗಸೆ ಎಣ್ಣೆ ಕುಡಿದರೆ ಏನು ಲಾಭ ಎಂದು ಹುಡುಕುತ್ತಾ ನೀವು ಇಲ್ಲಿಗೆ ಬಂದಿದ್ದರೆ ಮೊದಲೇ ಹೇಳಿಬಿಡುತ್ತೇನೆ: ಅದು ನನ್ನ ಕಾಯಿಲೆಯನ್ನು ವಾಸಿ ಮಾಡಿಲ್ಲ. ನನ್ನದು ವಾಸಿಯಾಗುವ ಕಾಯಿಲೆಯೇ ಅಲ್ಲ. ಹಾಗಂತ ನಾನು ಎಣ್ಣೆ ಬಿಟ್ಟೂ ಇಲ್ಲ. ಈ ಎರಡು ಮಾತು ಒಂದಕ್ಕೊಂದು ಹೊಂದುತ್ತಿಲ್ಲವಲ್ಲ ಎಂದು ನಿಮಗೆ ಕಿರಿಕಿರಿಯಾದರೆ ನೀವು ನನ್ನ ಜಾತಿಯವರೇ. ಮುಂದೆ ಓದಿ.

ದಾವಣಗೆರೆಯಲ್ಲಿ ಹೈಸ್ಕೂಲಿನಿಂದ ಇಂಜಿನಿಯರಿಂಗ್ ಮುಗಿಯುವವರೆಗೆ ನಾನು ಚರ್ಚಾ ಸ್ಪರ್ಧೆಯ ಹುಡುಗ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ನಿಜ ಹೇಳಬೇಕೆಂದರೆ ವಿರೋಧವೇ ಇಷ್ಟ. ಆಮೇಲೆ ಹೊಟ್ಟೆಪಾಡು ಕೂಡ ಮಾತಿನಿಂದಲೇ ಆಯಿತು. ಮಲೇಷ್ಯಾದ ಸೈಬರ್‌ಜಯಾ ಎಂಬ ಊರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಟ್ರೇನರ್. ನಮ್ಮ ಸಾಫ್ಟ್‌ವೇರ್ ಕೊಂಡವರ ಮುಂದೆ ನಿಂತು, ಅದನ್ನು ಬಳಸುವುದು ಹೇಗೆಂದು ಬೆಳಗಿನಿಂದ ಸಂಜೆಯವರೆಗೆ ಹೇಳಿಕೊಡುವುದು ಕೆಲಸ. ಅಕ್ಕ ಸುಮಾ ಮತ್ತು ಭಾವ ಬಸವರಾಜ ನನಗಿಂತ ಮೊದಲೇ ಈ ದೇಶಕ್ಕೆ ಬಂದವರು. ಅವರ ಫ್ಲ್ಯಾಟಿನಲ್ಲಿ ಒಂದು ಕೋಣೆ ನನ್ನದು.

ಶುರುವಾದದ್ದು ಬಿಸ್ಕೆಟ್ಟಿನಿಂದ. ಅಗಿದದ್ದು ಬಾಯಲ್ಲೇ ಮರಳಾಗಿ ಉಳಿಯುತ್ತಿತ್ತು, ನೀರಿಲ್ಲದೆ ಗಂಟಲಿಗೆ ಇಳಿಯುತ್ತಿರಲಿಲ್ಲ. ಕಣ್ಣಿನಲ್ಲೂ ಮರಳು. ಆಫೀಸಿನ ಏಸಿ ಎಂದುಕೊಂಡೆ. ಪಕ್ಕದ ದೇಶದ ಕಾಡು ಸುಟ್ಟ ಹೊಗೆ ಇಲ್ಲಿ ಮುಸುಕುವ ತಿಂಗಳು ಬಂದಾಗ ಹೊಗೆ ಎಂದುಕೊಂಡೆ. ಕಾರಣ ಹುಡುಕುವುದರಲ್ಲಿ ನಾನು ಪ್ರವೀಣ, ಒಂದಕ್ಕೆ ಒಂಬತ್ತು ಸಿಗುತ್ತಿದ್ದವು. ಒಂದು ದಿನ ಬ್ಯಾಂಕಿನವರಿಗೆ ಪಾಠ ಮಾಡುತ್ತಿದ್ದಾಗ ವಾಕ್ಯದ ನಡುವೆ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಬಾಯಿ ತೆರೆದರೆ ಟಕ್ ಎಂಬ ಸದ್ದು, ಮಾತಿಲ್ಲ. ಹಿಂದಿನ ಸಾಲಿನವರು ಸೌಂಡ್ ಹೋಯಿತೇ ಎಂದು ಕೇಳಿದರು. ನನ್ನ ಸಹೋದ್ಯೋಗಿ ಎದ್ದು ಬಂದು ಪಾಠ ಮುಗಿಸಿದ.

ಮ್ಯಾನೇಜರ್ ಒಳ್ಳೆಯವರು. ಆರೋಗ್ಯ ನೋಡಿಕೋ, ಅಲ್ಲಿಯವರೆಗೆ ಕ್ಲಾಸುಗಳನ್ನು ಬೇರೆಯವರು ತೆಗೆದುಕೊಳ್ಳುತ್ತಾರೆ ಎಂದರು. ಜೊತೆಗೆ, ವರ್ಷದ ಕೊನೆಗೆ ನನ್ನ ಕಾಂಟ್ರ್ಯಾಕ್ಟ್ ಮುಂದುವರಿಸಬೇಕೋ ಬೇಡವೋ ಎಂಬ ತೀರ್ಮಾನ ಇದೆಯೆಂದೂ ನೆನಪಿಸಿದರು. ಲೆಕ್ಕ ಸರಳ. ಮಾತಾಡಲಾಗದ ಟ್ರೇನರ್ ಯಾರಿಗೂ ಬೇಡ. ಕೆಲಸ ಹೋದರೆ ಇಲ್ಲಿ ಇರಲು ಕೊಟ್ಟಿರುವ ಪಾಸ್ ಹೋಗುತ್ತದೆ, ಪಾಸ್ ಹೋದರೆ ದೇಶ ಬಿಡಬೇಕು. ಅದಕ್ಕಿಂತ ಹೆಚ್ಚಾಗಿ, ಮಾತು ಹೋದರೆ ನಾನು ಯಾರು ಎಂಬುದೇ ನನಗೆ ಗೊತ್ತಿರಲಿಲ್ಲ. ವರ್ಷ ಮುಗಿಯುವುದರೊಳಗೆ ಮತ್ತೆ ಕ್ಲಾಸಿನ ಮುಂದೆ ನಿಂತು ಮಾತಾಡುತ್ತೇನೆ ಎಂದು ಅವತ್ತೇ ತೀರ್ಮಾನಿಸಿದೆ. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಹತ್ತಿರದ ಕ್ಲಿನಿಕ್ಕಿನವರು ನನ್ನನ್ನು ಪುತ್ರಜಯಾ ಕಡೆಯ ಒಂದು ಆಸ್ಪತ್ರೆಗೆ ಕಳಿಸಿದರು. ವೇಟಿಂಗ್ ರೂಮಿನ ತುಂಬ ಹೆಂಗಸರು. ನರ್ಸ್ ಬಂದು, ಯಾರನ್ನು ಕರೆದುಕೊಂಡು ಬಂದಿದ್ದೀರಿ ಎಂದು ನನ್ನನ್ನು ಕೇಳಿದಳು. ಪೇಷಂಟ್ ನಾನೇ ಎಂದೆ. ಕೈಯಲ್ಲಿದ್ದ ಹಾಳೆ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಹಾಳೆ ನೋಡಿದಳು. ಪಕ್ಕದಲ್ಲಿ ಕುಳಿತಿದ್ದ ಮಲಯ್ ಹೆಂಗಸು, ನಮ್ಮ ಅಮ್ಮನ ವಯಸ್ಸಿನವರು, ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು. ಹೆಸರು ರೋಹಾನಾ. ಎಲ್ಲರೂ ಅವರನ್ನು ಕಾಕ್ ರೋಹಾನಾ ಎನ್ನುತ್ತಿದ್ದರು. ಮಲಯ್ ಭಾಷೆಯಲ್ಲಿ ಕಾಕ್ ಎಂದರೆ ಅಕ್ಕ.

“ನೀನು ಗಂಡಸು, ಆದರೂ ಈ ಕ್ಯೂನಲ್ಲಿ! ಲಾಟರಿ ತಗೋ ಲಾ,” ಎಂದರು, ಮಾತಿನ ಕೊನೆಗೆ ಲಾ ಸೇರಿಸುವ ಇಲ್ಲಿಯ ಇಂಗ್ಲಿಷಿನಲ್ಲಿ.

ಆಮೇಲೆ ಬ್ಯಾಗಿನಿಂದ ಉಪ್ಪು ಹಚ್ಚಿ ಒಣಗಿಸಿದ ಪ್ಲಮ್ ಹಣ್ಣೊಂದನ್ನು ತೆಗೆದು ಕೊಟ್ಟು, ಅಗಿಯಬೇಡ, ಕೆನ್ನೆಯಲ್ಲಿ ಇಟ್ಟುಕೋ ಎಂದರು. ಇಟ್ಟುಕೊಂಡೆ. ನಿಧಾನವಾಗಿ ಬಾಯೊಳಗೆ ಎಲ್ಲಿಂದಲೋ ಒಂದಿಷ್ಟು ತೇವ ಬಂತು. ಎಷ್ಟೋ ವಾರಗಳ ನಂತರ ನನ್ನದೇ ಉಗುಳನ್ನು ನಾನು ನುಂಗಿದೆ. ಒಣ ಬಾಯಲ್ಲಿ ಹುಳಿ ಇಟ್ಟರೆ ಹಲ್ಲು ಹಾಳು ಎಂದು ಹಲ್ಲಿನ ಡಾಕ್ಟರ್ ಆಮೇಲೊಮ್ಮೆ ಇದಕ್ಕೇ ನನ್ನನ್ನು ಬೈದರು. ಇರಲಿ, ಆ ದಿನ ಅದು ದೊಡ್ಡ ಉಪಕಾರ.

ರಕ್ತ ತೆಗೆದರು. ಕೆಳತುಟಿಯ ಒಳಗೆ ಸಣ್ಣಗೆ ಕತ್ತರಿಸಿ ಚೂರು ತೆಗೆದರು. ಕಾಗದದ ಕಿರು ಪಟ್ಟಿಯೊಂದನ್ನು ಕೆಳರೆಪ್ಪೆಗೆ ಸಿಕ್ಕಿಸಿ ಕಣ್ಣು ಮುಚ್ಚಿ ಕೂರಿಸಿದರು. ಕಣ್ಣೀರು ಪಟ್ಟಿಯ ಮೇಲೆ ಎಷ್ಟು ದೂರ ಹರಡುತ್ತದೆ ಎಂದು ಅಳೆಯುತ್ತಾರೆ. ನನ್ನದು ಹೆಚ್ಚುಕಡಿಮೆ ಒಣಗಿಯೇ ಹೊರಬಂತು. ಚೀನೀ ಮೂಲದ ಡಾಕ್ಟರ್, ಮೆಲುದನಿಯ ಹೆಂಗಸು, ಕಾಯಿಲೆಯ ಹೆಸರನ್ನು ಬರೆದು ತೋರಿಸಿದರು: ಶೋಗ್ರೆನ್. ನಮ್ಮ ದೇಹವೇ ನಮ್ಮ ಕಣ್ಣೀರು, ಜೊಲ್ಲುಗಳ ಗ್ರಂಥಿಗಳ ಮೇಲೆ ತಿರುಗಿ ಬೀಳುವುದಂತೆ. ನಾನು ಎರಡು ಮೂರು ಆಕ್ಷೇಪ ಎತ್ತಿದೆ. ಇದು ಹೆಂಗಸರಿಗೆ ಬರುವುದಲ್ಲವೇ, ರಿಪೋರ್ಟ್ ತಪ್ಪಿರಬಹುದಲ್ಲವೇ. ಅವರು ಎಲ್ಲವನ್ನೂ ಕೇಳಿಸಿಕೊಂಡು, “ಹೆಚ್ಚಾಗಿ ಹೆಂಗಸರಿಗೆ ಅಂದರೆ ಗಂಡಸರಿಗೆ ಇಲ್ಲ ಅಂತ ಅಲ್ಲ,” ಎಂದರು. ತರ್ಕದಲ್ಲಿ ತಪ್ಪಿರಲಿಲ್ಲ. ಮಾತ್ರೆ ಬರೆದುಕೊಟ್ಟರು. ಪರಿಣಾಮ ಕಾಣಲು ತಿಂಗಳುಗಳೇ ಬೇಕು, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ತಪ್ಪಿಸಬಾರದು ಎಂದರು.

ಈ ಕೊನೆಯ ಮಾತು ಅಕ್ಕನನ್ನು ಹಿಡಿದುಕೊಂಡಿತು. ಕಣ್ಣಿನ ಪರೀಕ್ಷೆ ಯಾಕೆ ಎಂದು ಫೋನಿನಲ್ಲಿ ಹುಡುಕಿದಳು. ಅಪರೂಪಕ್ಕೆ ಆ ಮಾತ್ರೆಯಿಂದ ಕಣ್ಣಿಗೆ ತೊಂದರೆಯಾಗಬಹುದು ಎಂದಿತ್ತು. ಅಪರೂಪ ಎಂಬ ಪದ ಅವಳಿಗೆ ಕಾಣಲೇ ಇಲ್ಲ.

“ಕಣ್ಣು ಒಣಗಿದೆ ಅಂತ ಹೋದ್ರೆ ಕಣ್ಣೇ ಹೋಗೋ ಮಾತ್ರೆ ಕೊಟ್ಟು ಕಳಿಸಿದಾರಲ್ಲೋ,” ಎಂದಳು.

ಅಕ್ಕ ಬಾಂಗ್ಸಾರ್‌ನ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಮರುದಿನ ಸಂಜೆ ಅಲ್ಲಿಂದಲೇ ಒಂದು ಕಂದು ಬಾಟಲಿ ತಂದಳು. ಅಗಸೆ ಎಣ್ಣೆ. ಅವಳ ಆಫೀಸಿನಲ್ಲಿ ಯಾರಿಗೋ ಒಣಗಣ್ಣು ಇದರಿಂದ ಕಡಿಮೆಯಾಯಿತಂತೆ. ನಾನು ಬಾಟಲಿಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿದೆ. ಹೃದಯಕ್ಕೆ, ಚರ್ಮಕ್ಕೆ, ಕೀಲಿಗೆ, ಕಣ್ಣಿಗೆ, ಹೊಟ್ಟೆಗೆ. ಹಾಗಾದರೆ ಆಸ್ಪತ್ರೆ ಮುಚ್ಚಿಸಿ ಎಣ್ಣೆ ಅಂಗಡಿ ಇಡೋಣ ಎಂದೆ. ಒಂದು ವಸ್ತು ಎಲ್ಲದಕ್ಕೂ ಒಳ್ಳೆಯದು ಎಂದರೆ ಯಾವುದಕ್ಕೆ ಒಳ್ಳೆಯದು ಎಂದು ಯಾರೂ ಸರಿಯಾಗಿ ನೋಡಿಲ್ಲ ಎಂದರ್ಥ, ಎಂದೂ ಸೇರಿಸಿದೆ. ಆಮೇಲೆ ನಾನೂ ಕುಳಿತು ಸಿಕ್ಕಿದ್ದನ್ನೆಲ್ಲ ಓದಿದೆ. ಒಣಗಣ್ಣಿನ ವಿಷಯದಲ್ಲಿ ಕೆಲವರು ಸ್ವಲ್ಪ ಉಪಯೋಗವಿದೆ ಎನ್ನುತ್ತಾರೆ, ಕೆಲವರು ಬೇರೆ ಸಾಮಾನ್ಯ ಎಣ್ಣೆ ಕುಡಿದರೂ ಅಷ್ಟೇ ಎನ್ನುತ್ತಾರೆ. ಔಷಧ ಎಂದು ಜವಾಬ್ದಾರಿಯಿಂದ ಹೇಳುವವರು ಯಾರೂ ಇರಲಿಲ್ಲ. ವಿಷ ಎನ್ನುವವರೂ ಇರಲಿಲ್ಲ.

ಅಕ್ಕನ ಬೇಡಿಕೆ ಎಣ್ಣೆ ಕುಡಿ, ಮಾತ್ರೆ ಬಿಡು ಎಂದು. ನನ್ನ ನಿಲುವು ಮಾತ್ರೆ ಬಿಡುವುದಿಲ್ಲ, ಎಣ್ಣೆ ಬೇಕಿಲ್ಲ ಎಂದು. ಊಟದ ಮೇಜಿನಲ್ಲಿ ಚರ್ಚೆ ನಡೆಯಿತು, ಭಾವ ತೀರ್ಪುಗಾರರು. ಅವರು ವಿಜಯಪುರದವರು, ಡೇಟಾ ಸೆಂಟರಿನಲ್ಲಿ ಇಂಜಿನಿಯರ್. ಜಗಳವಾಡುವ ಅಕ್ಕ ತಮ್ಮಂದಿರ ನಡುವೆ ಶಾಂತವಾಗಿ ಊಟ ಮುಗಿಸುವುದನ್ನು ಕಲಿತವರು. ನಾನು ರಾಜಿ ಸೂತ್ರ ಇಟ್ಟೆ: ಎಣ್ಣೆ ಕುಡಿಯುತ್ತೇನೆ, ಮಾತ್ರೆಯನ್ನೂ ನುಂಗುತ್ತೇನೆ, ಮುಂದಿನ ಸಲ ಕಣ್ಣಿನ ಪಟ್ಟಿ ಏನು ಹೇಳುತ್ತದೋ ಅದೇ ತೀರ್ಪು.

“ಎರಡೂ ತಗೊಂಡ್ರೆ ಯಾವುದರಿಂದ ಆಯ್ತು ಅಂತ ಹೆಂಗೆ ಗೊತ್ತಾಗುತ್ತೆ?” ಅಕ್ಕ ಕೇಳಿದಳು.

ಅದು ನಾನು ಕೇಳಬೇಕಾಗಿದ್ದ ಪ್ರಶ್ನೆ. ಭಾವ ತಟ್ಟೆಯಿಂದ ತಲೆ ಎತ್ತಿ, “ತಮ್ಮಾ, ಈ ಪಾಯಿಂಟ್ ಆಕಿಗೇ,” ಎಂದರು.

ಗೊತ್ತಾಗುವುದಿಲ್ಲ ಎಂದು ಒಪ್ಪಿಕೊಂಡೆ. ಇಬ್ಬರಲ್ಲಿ ಯಾರೂ ಗೆದ್ದೆ ಎನ್ನುವಂತಿಲ್ಲ, ಅಷ್ಟೇ. ಆದರೆ ಮಾತ್ರೆ ಮಾತ್ರ ಬಿಡುವುದಿಲ್ಲ, ಇದರಲ್ಲಿ ಚರ್ಚೆಯೇ ಇಲ್ಲ ಎಂದೆ. ಅಕ್ಕ ಬಾಟಲಿಯನ್ನು ನನ್ನ ತಟ್ಟೆಯ ಪಕ್ಕಕ್ಕೆ ಸರಿಸಿದಳು.

“ನಂಗೆ ಗೆಲ್ಲೋದು ಬೇಡ ಕಣೋ. ನಿನ್ನ ಬಾಯಲ್ಲಿ ಉಗುಳು ಬಂದ್ರೆ ಸಾಕು.”

ಚರ್ಚಾ ಸ್ಪರ್ಧೆಯಲ್ಲಿ ಇಂಥ ಮಾತಿಗೆ ಅಂಕವಿಲ್ಲ.

ಹೀಗೆ ದಿನಾ ತಿಂಡಿಗೆ ಮುಂಚೆ ಒಂದು ಚಮಚ ಎಣ್ಣೆ ಶುರುವಾಯಿತು. ಮೊದಲ ವಾರ ಹೊಟ್ಟೆ ಕೆಟ್ಟು ಬಾತ್‌ರೂಮಿಗೆ ಓಡಾಡಿದೆ. ಬಾಟಲಿಯ ಮೇಲೆ ಬರೆದಿದ್ದರಲ್ಲಿ ಹೊಟ್ಟೆಯ ವಿಷಯವೊಂದು ಸಾಬೀತಾಯಿತು ಎಂದು ಅಕ್ಕನಿಗೆ ಹೇಳಿದೆ. ಅವಳು ಪ್ರಮಾಣ ಕಡಿಮೆ ಮಾಡಿದಳು. ರುಚಿ ಹೇಗಿದೆ ಎಂದು ಕೇಳುತ್ತಿದ್ದಳು. ಏನೂ ಇಲ್ಲ, ಸಪ್ಪೆ ಎನ್ನುತ್ತಿದ್ದೆ. ಸಪ್ಪೆಯಾದರೆ ಒಳ್ಳೆಯದೇ ಬಿಡು, ಕುಡಿಯಲು ಸುಲಭ ಎನ್ನುತ್ತಿದ್ದಳು. ಅಷ್ಟು ಬೆಲೆಬಾಳುವ ಎಣ್ಣೆ, ತಮ್ಮನ ಔಷಧ ಎಂದು ಮನೆಯಲ್ಲಿ ಬೇರೆ ಯಾರೂ ಒಂದು ಹನಿ ಮುಟ್ಟುತ್ತಿರಲಿಲ್ಲ.

ಮುಂದಿನ ಪರೀಕ್ಷೆಯ ದಿನ ಪಟ್ಟಿ ಮತ್ತೆ ಒಣಗಿಯೇ ಹೊರಬಂತು. ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿ, ನೋಡು, ನಿನ್ನ ಎಣ್ಣೆಯಿಂದ ಏನೂ ಆಗಿಲ್ಲ ಎಂದು ಹೇಳಿದೆ. ನನ್ನ ದನಿಯಲ್ಲಿ ಒಂದು ಉತ್ಸಾಹವಿತ್ತು. ಆಯ್ತು ಬಿಡು ಎಂದು ಅಕ್ಕ ಫೋನ್ ಇಟ್ಟಳು. ಪಕ್ಕದಲ್ಲಿ ಕಾಕ್ ರೋಹಾನಾ ಕುಳಿತಿದ್ದರು. ಕನ್ನಡ ಬಾರದಿದ್ದರೂ ನನ್ನ ಮುಖ ಓದಿದ್ದರು. ಕಣ್ಣು ಸರಿಹೋಯಿತೇ ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಯಾಕೆ ಇಷ್ಟು ಖುಷಿ ಎಂದು ಕೇಳಿದರು. ವರ್ಷದ ಕೊನೆ ಹತ್ತಿರವಾಗುತ್ತಿತ್ತು, ನನ್ನ ಬಾಯಿ ಮೊದಲಿಗಿಂತ ಹೆಚ್ಚು ಉರಿಯುತ್ತಿತ್ತು, ಎರಡು ನಿಮಿಷ ಮಾತಾಡಿದರೆ ನಾಲಿಗೆ ಸುಟ್ಟಂತಾಗುತ್ತಿತ್ತು. ಖುಷಿಪಡುವುದಕ್ಕೆ ನಿಜಕ್ಕೂ ಏನೂ ಇರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಅಕ್ಕ ಎಣ್ಣೆಯ ಚಮಚ ತೊಳೆಯುತ್ತಿದ್ದಳು. ಇನ್ನು ನಿಲ್ಲಿಸೋಣ ಎಂದಳು. ವಾತಾವರಣ ತಿಳಿಮಾಡಲೆಂದೋ ಏನೋ ಭಾವ, “ಅಷ್ಟು ದುಬಾರಿ ಎಣ್ಣಿ ಐತಿ, ಉಳಿದದ್ದು ನಾನರ ಕುಡೀತೀನಿ ತಾ,” ಎಂದು ಒಂದು ಚಮಚ ಬಾಯಿಗೆ ಹಾಕಿಕೊಂಡರು. ಮರುಕ್ಷಣ ಸಿಂಕಿಗೆ ಓಡಿ ಉಗಿದರು.

“ಏನಿದು? ನಮ್ಮೂರಾಗ ಬಾಗಲಕ್ಕ ಹಚ್ಚತಾರಲ್ಲ, ಆ ಎಣ್ಣಿ ಆಗೇತಿ ಇದು! ಕಹಿ ವಿಷ!”

ಅವರ ಕಡೆ ಮರದ ಬಾಗಿಲಿಗೆ ಅಗಸೆ ಎಣ್ಣೆ ಒರೆಸುತ್ತಾರೆ. ಆ ವಾಸನೆ ಅವರಿಗೆ ಚಿಕ್ಕಂದಿನಿಂದ ಗೊತ್ತು. ಅಕ್ಕ ಮೂಸಿ ನೋಡಿ ಮುಖ ಕಿವಿಚಿದಳು. ಪೇಂಟ್ ವಾಸನೆ ಎಂದಳು. ನಾನು ಚಮಚ ತೆಗೆದುಕೊಂಡು ನೆಕ್ಕಿದೆ. ನನಗೆ ಸಪ್ಪೆ. ಮತ್ತೊಮ್ಮೆ ನೆಕ್ಕಿದೆ. ಸಪ್ಪೆಯೇ.

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಅಕ್ಕ ಕಾಫಿಯ ಡಿಕಾಕ್ಷನ್ ಸ್ವಲ್ಪ ಬಟ್ಟಲಿಗೆ ಬಗ್ಗಿಸಿ ಕೊಟ್ಟಳು, ಹಾಲಿಲ್ಲದೆ, ಸಕ್ಕರೆಯಿಲ್ಲದೆ. ಬಿಸಿ ಗೊತ್ತಾಯಿತು, ಕಹಿ ಗೊತ್ತಾಗಲಿಲ್ಲ. ಮೆಂತ್ಯದ ಕಾಳು ಕೊಟ್ಟಳು. ಕಲ್ಲು ಅಗಿದಂತಾಯಿತು. ಉಪ್ಪಿನಕಾಯಿ ನಾಲಿಗೆಗೆ ಚುರ್ ಎಂದಿತು, ಅಷ್ಟೇ. ನನ್ನ ರುಚಿ ಯಾವಾಗ ಹೋಗಿತ್ತೋ ನನಗೇ ಗೊತ್ತಿರಲಿಲ್ಲ. ಸೈಬರ್‌ಜಯಾದ ಕ್ಯಾಂಟೀನಿನ ಊಟ ಸಪ್ಪೆ ಎಂದು ನಾನು ಇಷ್ಟು ದಿನ ದೂರುತ್ತಿದ್ದೆ. ಕಾಯಿಲೆಯ ಹೆಸರು ಕೇಳಿದಾಗಲೂ ಆಗದ ಹೆದರಿಕೆ ಆ ಅಡುಗೆಮನೆಯಲ್ಲಿ ಆಯಿತು.

ಎಣ್ಣೆ ಕೆಟ್ಟದ್ದು ಹೇಗೆ ಎಂಬುದು ಬೇಗ ತಿಳಿಯಿತು. ಕಂದು ಬಾಟಲಿಯಿಂದ ಚಮಚಕ್ಕೆ ಬಗ್ಗಿಸಿದರೆ ಚೆಲ್ಲುತ್ತದೆ ಎಂದು ಅಕ್ಕ ಅದನ್ನು ಮೊದಲ ದಿನವೇ ಸ್ಟೀಲಿನ ಎಣ್ಣೆ ಗಿಂಡಿಗೆ ಸುರಿದು, ಒಲೆಯ ಪಕ್ಕದ ಕಟ್ಟೆಯ ಮೇಲೆ ಇಟ್ಟಿದ್ದಳು. ನಮ್ಮಲ್ಲಿ ಎಣ್ಣೆ ಇರುವ ಜಾಗವೇ ಅದು. ಒಗ್ಗರಣೆಗೆ ಕೈಗೆ ಸಿಗಬೇಕಲ್ಲ. ಈ ದೇಶದ ಸೆಖೆ, ಮೇಲೆ ಒಲೆಯ ಕಾವು. ತೆರೆದ ಮೇಲೆ ಫ್ರಿಜ್ಜಿನಲ್ಲಿಡಿ, ಬಿಸಿ ಮಾಡಬೇಡಿ ಎಂದು ಬಾಟಲಿಯ ಬೆನ್ನಿಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು.

“ಎಣ್ಣೇನ ಯಾರಾದ್ರೂ ಫ್ರಿಜ್ಜಲ್ಲಿ ಇಡ್ತಾರೇನೋ?” ಅಕ್ಕ ಗಿಂಡಿಯನ್ನು ಒಲೆಯಿಂದ ದೂರಕ್ಕೆ ಎತ್ತಿಟ್ಟಳು. “ಅಜ್ಜಿ ಇಟ್ಟಿದ್ಲಾ? ಅಮ್ಮ ಇಟ್ಟಿದ್ಲಾ?”

ಅವಳನ್ನು ಬೈಯಲು ನನಗೆ ಮುಖವಿರಲಿಲ್ಲ. ಬಾಟಲಿಯ ಮುಂದಿನದ್ದನ್ನು ಗೇಲಿ ಮಾಡಲೆಂದು ಓದಿದವನು ನಾನು, ಹಿಂದೆ ತಿರುಗಿಸಿರಲಿಲ್ಲ. ನಮ್ಮ ಚರ್ಚೆ ಪೂರ್ತಿ ರದ್ದು ಎಂದು ಭಾವ ತೀರ್ಪು ಕೊಟ್ಟರು. ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸವೆಂದರೆ ಸೋಮವಾರವೇ ಡಾಕ್ಟರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದ್ದು, ಬಾಗಿಲಿನ ಎಣ್ಣೆಯನ್ನೂ ಸೇರಿಸಿ.

ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, ಬಾಯಿ ತೆರೆ ಎಂದರು. ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದರು. ಉರಿಯ ವಿಷಯ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಕಾಯಿಲೆಯ ಭಾಗ ಎಂದುಕೊಂಡಿದ್ದೆ ಎಂದೆ. ಒಣಗಿದ ಬಾಯಿಯಲ್ಲಿ ಒಂದು ಬಗೆಯ ಬೂಷ್ಟು ಬೆಳೆಯುತ್ತದೆ, ನಿನ್ನ ನಾಲಿಗೆಯ ಮೇಲೆ ಅದು ಮನೆ ಮಾಡಿದೆ ಎಂದರು. ಉರಿ ಅದರದ್ದು. ರುಚಿ ಹೋಗಿರುವುದಕ್ಕೂ ಅದರ ಪಾಲು ಇರಬಹುದು. ಶೋಗ್ರೆನ್ ವಾಸಿಯಾಗುವುದಿಲ್ಲ, ಆದರೆ ಇದು ವಾಸಿಯಾಗುತ್ತದೆ. ಅಷ್ಟು ತಿಂಗಳಲ್ಲಿ ವಾಸಿ ಎಂಬ ಪದವನ್ನು ಆಸ್ಪತ್ರೆಯಲ್ಲಿ ನಾನು ಮೊದಲ ಬಾರಿ ಕೇಳಿದ್ದು ಅಂದು.

ಬೂಷ್ಟಿಗೆ ಔಷಧ ಕೊಟ್ಟರು. ಜೊಲ್ಲು ಬರಿಸುವ ಇನ್ನೊಂದು ಮಾತ್ರೆಯನ್ನೂ ಸೇರಿಸಿದರು. ಅದು ಬಾಯಿಗಿಂತ ಮೊದಲು ಬೆನ್ನಿನಲ್ಲಿ ನೀರು ತರಿಸುತ್ತದೆ, ಶರ್ಟ್ ತೊಯ್ದುಹೋಗುತ್ತದೆ. ಅಗಸೆ ಎಣ್ಣೆಯ ಬಗ್ಗೆ ಕೇಳಿದೆ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿಲ್ಲ ತಾನೇ ಎಂದು ಖಚಿತಪಡಿಸಿಕೊಂಡು, ಬೇಕಿದ್ದರೆ ತಗೋ, ಬೇಡವಾದರೆ ಬಿಡು, ಮಾತ್ರೆ ಮಾತ್ರ ಬಿಡಬೇಡ ಎಂದರು. ನಿಮ್ಮ ಅಭಿಪ್ರಾಯ ಏನು, ಕೆಲಸ ಮಾಡುತ್ತದೋ ಇಲ್ಲವೋ ಎಂದು ಪಟ್ಟು ಹಿಡಿದೆ. ಗೊತ್ತಿಲ್ಲ ಎಂದರು. ಡಾಕ್ಟರೊಬ್ಬರು ಗೊತ್ತಿಲ್ಲ ಎಂದರೆ ಎಷ್ಟು ನೆಮ್ಮದಿಯಾಗುತ್ತದೆ ಎಂದು ನನಗೆ ಆವರೆಗೆ ತಿಳಿದಿರಲಿಲ್ಲ. ಗೊತ್ತಿರುವುದನ್ನು ಮಾತ್ರ ಗೊತ್ತು ಎನ್ನುವವರು ಇವರು ಎಂದಾಯಿತು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ, ಹೊಸ ಬಾಟಲಿ ತಾ ಎಂದು. ನಂಬದೆ ನನ್ನ ಮುಖ ನೋಡಿದಳು. ಕೆಟ್ಟ ಎಣ್ಣೆ ಕುಡಿದು ಎಣ್ಣೆಯೇ ಕೆಟ್ಟದ್ದು ಎನ್ನುವುದು ಅನ್ಯಾಯದ ವಾದ. ನಾನು ಸೋಲಲು ಸಿದ್ಧ, ಮೋಸದಿಂದ ಗೆಲ್ಲಲು ಅಲ್ಲ ಎಂದೆ. ಈ ಸಲ ಬಾಟಲಿ ಫ್ರಿಜ್ಜಿನಲ್ಲಿ, ಮೊಸರಿನ ಪಕ್ಕ.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಚಮಚ ಬಾಯಿಗಿಟ್ಟಾಗ ಎಣ್ಣೆಗೆ ರುಚಿ ಇತ್ತು. ತೆಳ್ಳಗೆ, ಎಲ್ಲೋ ದೂರದಲ್ಲಿ ಯಾರೋ ಎಳ್ಳು ಹುರಿಯುತ್ತಿರುವ ಹಾಗೆ. ನಾನು ಚಮಚ ಹಿಡಿದುಕೊಂಡೇ ನಿಂತೆ. ಅಕ್ಕ ಏನಾಯಿತೋ ಎಂದು ಗಾಬರಿಯಾದಳು. ಏನಿಲ್ಲ, ನಿನ್ನ ಎಣ್ಣೆ ಚೆನ್ನಾಗಿಲ್ಲ ಎಂದೆ. ಅವಳಿಗೆ ಅರ್ಥವಾಯಿತು. ಸೆರಗಿಲ್ಲದ ನೈಟಿಯ ತೋಳಿಗೇ ಕಣ್ಣು ಒರೆಸಿಕೊಂಡಳು. ಅವಳಿಗೆ ಕಣ್ಣೀರು ಧಾರಾಳ.

ಆಮೇಲೆ ಭಾವ, ಎಣ್ಣೆಯನ್ನು ಔಷಧದ ಹಾಗೆ ಚಮಚದಲ್ಲಿ ಕುಡಿಯುವುದೇ ತಪ್ಪು ಎಂದರು. ಅವರ ಕಡೆ ಚಟ್ನಿಪುಡಿಯ ಮೇಲೆ ಹಸಿ ಎಣ್ಣೆ ಹಾಕಿ ಕಲೆಸಿ ತಿನ್ನುತ್ತಾರೆ, ಕಾಯಿಸುವ ಮಾತೇ ಇಲ್ಲ. ಖಾರವಿಲ್ಲದೆ ಶೇಂಗಾ ಚಟ್ನಿಪುಡಿ ಮಾಡಿ ಕೊಟ್ಟರು. ಮೊಸರನ್ನದ ಪಕ್ಕ ಅದರ ಮೇಲೆ ಅಗಸೆ ಎಣ್ಣೆ. ಈಗಲೂ ಹಾಗೆಯೇ ತಿನ್ನುತ್ತೇನೆ. ಅದರ ಮುಂದಿನ ಪರೀಕ್ಷೆಯಲ್ಲಿ ಪಟ್ಟಿ ಸ್ವಲ್ಪ ತೇವವಾಗಿ ಬಂತು. ಮಾತ್ರೆಯೋ, ಎಣ್ಣೆಯೋ, ಹೊಗೆಯ ತಿಂಗಳು ಮುಗಿದದ್ದೋ, ಆಫೀಸಿನಲ್ಲಿ ಏಸಿಯ ಗಾಳಿಯಿಂದ ದೂರ ಕುಳಿತದ್ದೋ. ಅಕ್ಕ ಎಣ್ಣೆ ಎನ್ನುತ್ತಾಳೆ. ನಾನು ಸಾಕ್ಷ್ಯ ಸಾಲದು ಎನ್ನುತ್ತೇನೆ. ಇಬ್ಬರೂ ಒಂದೇ ಬಾಟಲಿಯಿಂದ ಹಾಕಿಕೊಳ್ಳುತ್ತೇವೆ.

ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಈಗಷ್ಟೇ ಈ ಕಾಯಿಲೆಯ ಹೆಸರು ಹೇಳಿ ಕಳಿಸಿದ್ದರೆ, ನನ್ನ ಮಾತು ಇಷ್ಟು. ಎಣ್ಣೆ ಕುಡಿಯಬೇಕೆನಿಸಿದರೆ ಕುಡಿಯಿರಿ, ಡಾಕ್ಟರಿಗೆ ಹೇಳಿ ಕುಡಿಯಿರಿ, ಮಾತ್ರೆಯ ಬದಲಿಗೆ ಕುಡಿಯಬೇಡಿ. ಬಾಯಿ ಉರಿದರೆ ಕಾಯಿಲೆಯೇ ಹೀಗೆ ಎಂದು ಸಹಿಸಿಕೊಂಡು ಕೂರಬೇಡಿ, ತೋರಿಸಿ. ಮನೆಯವರು ಏನಾದರೂ ತಂದುಕೊಟ್ಟರೆ ಅವರಿಗೆ ವಿಜ್ಞಾನ ಗೊತ್ತಿಲ್ಲ ಎಂದು ಹೀಯಾಳಿಸಬೇಡಿ. ಅವರು ಹೆದರಿದ್ದಾರೆ, ಕೈಯಲ್ಲಿ ಏನಾದರೂ ಹಿಡಿದುಕೊಳ್ಳಲು ಬೇಕಾಗಿದೆ ಅಷ್ಟೇ. ವಾದ ಮಾಡಿ. ವಾದ ಬಿಡಿ ಎಂದು ನಾನಂತೂ ಹೇಳುವುದಿಲ್ಲ.

ಕಾಂಟ್ರ್ಯಾಕ್ಟ್ ತೀರ್ಮಾನವಾಗುವ ಮೊದಲು ಒಂದು ಬೆಳಗಿನ ಕ್ಲಾಸ್ ಕೊಡಿ ಎಂದು ಮ್ಯಾನೇಜರನ್ನು ಕೇಳಿದೆ. ಕೊಟ್ಟರು, ಹಿಂದಿನ ಸಾಲಿನಲ್ಲಿ ತಾವೂ ಬಂದು ಕುಳಿತರು. ಶುರುವಿಗೇ ಎಲ್ಲರಿಗೂ ಹೇಳಿದೆ: ನನಗೊಂದು ಕಾಯಿಲೆ ಇದೆ, ಮಾತಿನ ನಡುವೆ ನಿಲ್ಲಿಸಿ ನೀರು ಕುಡಿಯುತ್ತೇನೆ, ನೀವು ಕಾಯಬೇಕು. ಹೇಳಿದ ಮೇಲೆ ಅದು ಅಷ್ಟು ಕಷ್ಟವಾಗಲಿಲ್ಲ. ಮಾತಾಡಿದೆ, ನಿಂತೆ, ಕುಡಿದೆ, ಮಾತಾಡಿದೆ. ಕಾದರು. ಬೆನ್ನು ಬೆವರಿನಿಂದ ತೊಯ್ದಿತ್ತು, ನಾಲಿಗೆ ಆಡುತ್ತಿತ್ತು.

ನಡುಹೊತ್ತಿಗೆ ಮುಂದಿನ ಸಾಲಿನ ಹಿರಿಯರೊಬ್ಬರು ಕೈ ಎತ್ತಿದರು. ನೀವು ತೋರಿಸುತ್ತಿರುವ ಹೊಸ ವಿಧಾನ ಅನವಶ್ಯಕ, ನಮ್ಮ ಹಳೆಯದೇ ವಾಸಿ ಎಂದರು. ಕೋಣೆಯಲ್ಲಿ ಅರ್ಧ ಜನ ತಲೆಯಾಡಿಸಿದರು. ಹಿಂದಿನ ಸಾಲಿನಲ್ಲಿ ಮ್ಯಾನೇಜರ್ ತುಸು ಮುಂದಕ್ಕೆ ಬಾಗಿದ್ದು ಕಾಣಿಸಿತು. ಅವರ ಮಾತಿಗೆ ಹೌದೆಂದು ಮುಂದೆ ಹೋದರೆ ನನ್ನ ಬಾಯಿಗೆ ಅರ್ಧ ಗಂಟೆಯ ಮಾತು ಉಳಿಯುತ್ತಿತ್ತು.

ನಾನು ಒಪ್ಪುವುದಿಲ್ಲ ಎಂದೆ.

ಯಾಕೆ ಎಂದು ಅವರು ಕೇಳಿದರು. ಒಂದು ಗುಟುಕು ನೀರು ಕುಡಿದು, ಯಾಕೆ ಎಂದು ಹೇಳಲು ಶುರುಮಾಡಿದೆ.